ತುಪ್ಪ ಕರಗುವ ತನಕ

ಮಾಗಿಯ ಚಳಿಯಲ್ಲಿ ತುಪ್ಪದ ಬಟ್ಟಲಿಗೆ ಚಮಚ ಇಳಿಯುವುದಿಲ್ಲ. ಹಿಂದಿನ ದಿನ ಕಾಸಿಟ್ಟ ತುಪ್ಪ ಬೆಳಗಾಗುವುದರೊಳಗೆ ಹರಳುಗಟ್ಟಿ, ಬಟ್ಟಲನ್ನು ಬೋರಲು ಹಾಕಿದರೂ ಬೀಳದಂತೆ ಹಟ ಹಿಡಿದು ಕೂತಿರುತ್ತದೆ. ಬೇರೆಯವರ ಮನೆಯಲ್ಲಿ ಇದು ಊಟದ ಹೊತ್ತಿನ ಒಂದು ಸಣ್ಣ ಕಿರಿಕಿರಿ. ಬಟ್ಟಲನ್ನು ಒಲೆಯ ದಂಡೆಗೆ ಸರಿಸಿದರೆ ಮುಗಿಯಿತು. ನನಗೆ ಮಾತ್ರ ಗಟ್ಟಿ ತುಪ್ಪ ಕಂಡರೆ ಇವತ್ತಿಗೂ ಕಿವಿಯಲ್ಲಿ ಒಂದು ಇಂಜಿನ್ನು ಗುರುಗುಟ್ಟತೊಡಗುತ್ತದೆ. ತುಪ್ಪಕ್ಕೂ ಇಂಜಿನ್ನಿಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ನಮ್ಮ ಮಾವನವರನ್ನು ಬಲ್ಲ ಮಡಕಶಿರದ ಹಳಬರು ಯಾರೂ ಕೇಳುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ರಾಯದುರ್ಗದಲ್ಲಿ. ಅಲ್ಲಿನ ಬೆಟ್ಟದ ಬಂಡೆಗಳು ಹಗಲೆಲ್ಲ ನುಂಗಿದ ಬಿಸಿಲನ್ನು ಇರುಳೆಲ್ಲ ಉಗುಳುತ್ತಿರುವುದರಿಂದ, ಚಳಿ ಎಂಬುದು ಊರೊಳಗೆ ಅಂಜುತ್ತಂಜುತ್ತ ಬಂದು ಹೊತ್ತು ಮೂಡುವುದರೊಳಗೆ ಹೇಳದೆ ಕೇಳದೆ ಹೊರಟುಹೋಗುತ್ತಿತ್ತು. ಮದುವೆಯಾಗಿ ಮಡಕಶಿರಕ್ಕೆ ಬಂದಮೇಲೆಯೇ ಚಳಿಗೂ ಒಂದು ಸಂಸಾರ, ಒಂದು ಠಿಕಾಣಿ ಇರುತ್ತದೆಂದು ನನಗೆ ತಿಳಿದದ್ದು. ಎರಡೂ ಒಂದೇ ಜಿಲ್ಲೆಯ ಊರುಗಳು, ಎರಡಕ್ಕೂ ಮದರಾಸಿನ ಸರಕಾರವೇ ದೊರೆ, ಎರಡು ಕಡೆಯೂ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಆದರೂ ನಾನು ‘ಯಾಕ’ ಅಂದರೆ ಅತ್ತೆಮನೆಯ ಹೆಣ್ಣುಮಕ್ಕಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ‘ಹೋಗು’ ಎಂಬುದನ್ನು ‘ಓಗು’ ಎನ್ನುವವರು ನನ್ನ ಮಾತನ್ನು ಹಳ್ಳಿಯ ಮಾತು ಅನ್ನುತ್ತಿದ್ದುದು ನನಗೆ ಒಳಗೊಳಗೇ ಒಂದು ತಮಾಷೆ. ಮದುವೆಯಾದ ಎರಡನೆಯ ವರ್ಷಕ್ಕೆ ವಿಷಮಜ್ವರ ನನ್ನ ಗಂಡನನ್ನು ಒಯ್ದಿತು. ಅವರ ವಿಷಯವನ್ನು ಇಲ್ಲಿ ಬರೆಯುವುದಿಲ್ಲ. ಒಳ್ಳೆಯವರು, ಅಷ್ಟು ಸಾಕು. ಅವರು ಹೋದ ಮರುವರ್ಷ ಮನೆಗೆ ಕಾರು ಬಂತು.

ಮಾವನವರದು ಕಡಲೆಕಾಯಿ ಮಂಡಿ. ಬಳ್ಳಾರಿಯ ಒಬ್ಬ ಬಿಳಿಯ ದೊರೆ ಚಾಕರಿ ಮುಗಿಸಿ ಸೀಮೆಗೆ ಹೊರಟಾಗ ಮಾರಿದ ಕಾರನ್ನು, ಮಡಕಶಿರದಲ್ಲಿ ಅದುವರೆಗೆ ಯಾರ ಮನೆಯ ಮುಂದೆಯೂ ಕಾರು ನಿಂತಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ಕೊಂಡುತಂದರು. ಅದಕ್ಕೆ ಲಕ್ಷ್ಮಿ ಎಂದು ಹೆಸರಿಟ್ಟರು. ಆ ದೊರೆ ದುಭಾಷಿಯ ಬಾಯಿಂದ ಒಂದೇ ಒಂದು ಬುದ್ಧಿಮಾತು ಹೇಳಿದ್ದನಂತೆ: ಚಳಿ ಇದ್ದಾಗ ಇಂಜಿನ್ನನ್ನು ಬೆಚ್ಚಗೆ ಮಾಡಿಕೊಳ್ಳದೆ ಗಾಡಿ ಕದಲಿಸಬೇಡಿ. ಎಷ್ಟು ಬೆಚ್ಚಗೆ ಎಂದು ಕೇಳಬೇಕಾದವರು ಕೇಳಲಿಲ್ಲ. ಹೇಳಬೇಕಾದವನು ಹಡಗು ಹತ್ತಿದ. ಅಲ್ಲಿಂದ ಮುಂದಿನದೆಲ್ಲ ನಮ್ಮವರ ಸ್ವಂತ ಬುದ್ಧಿ.

ಜಗಲಿಯ ಮೇಲೆ ಸಭೆ ಸೇರಿತು. ಕಮ್ಮಾರನು ಕಬ್ಬಿಣ ತಾನಾಗಿ ಹಾಡುವ ತನಕ ಕಾಯಿಸಬೇಕೆಂದ. ಪುರೋಹಿತರು ಒಂದು ಗಳಿಗೆ ಸಾಕು, ಆದರೆ ರಾಹುಕಾಲ ಕಳೆದಿರಬೇಕೆಂದರು. ಡ್ರೈವರ್ ದಸ್ತಗಿರಿ ಕಣೇಕಲ್ಲಿನ ಕಡೆಯವನು, ನಮ್ಮೂರ ದಾರಿಯಲ್ಲಿ ಎಷ್ಟೋ ವರ್ಷ ಬಸ್ಸು ಓಡಿಸಿದವನು. ಅವನು ಕೈಕಟ್ಟಿ ನಿಂತು, ‘ಒಂದು ಬೀಡಿ ಸೇದೂದ್ರಾಗ ಇಂಜಿನ್ ತಯಾರಾಗ್ತೈತ್ರಿ’ ಎಂದ. ಆ ಸಭೆಯಲ್ಲಿ ಇಂಜಿನ್ನನ್ನು ಮುಟ್ಟಿ ನೋಡಿದ್ದವನು ಅವನೊಬ್ಬನೇ ಆದ್ದರಿಂದ ಅವನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಗೆ ಅಳತೆಗೋಲನ್ನು ಮಾವನವರೇ ಕಂಡುಹಿಡಿದರು. ಗಟ್ಟಿ ತುಪ್ಪವನ್ನು ಒಂದು ಹಿತ್ತಾಳೆ ಬಟ್ಟಲಲ್ಲಿ ಹಾಕಿ ಕಾರಿನ ಮೂತಿಯ ಮೇಲೆ ಇಡುವುದು. ತುಪ್ಪ ಪೂರಾ ಕರಗಿ ತಳದ ಹಿತ್ತಾಳೆ ಕಂಡರೆ ಇಂಜಿನ್ನು ಹದಕ್ಕೆ ಬಂತೆಂದು ಅರ್ಥ. ಮೊದಲು ಬಟ್ಟಲನ್ನು ನೀರು ಹೊಯ್ಯುವ ಬಾಯಿಯ ಹತ್ತಿರ ಇಡುತ್ತಿದ್ದರು. ಅಲ್ಲಿ ಬೇಗ ಕರಗಿಬಿಡುತ್ತಿತ್ತು. ಅದು ಹೊಯ್ದ ಬಿಸಿನೀರಿನ ಶಾಖ, ಇಂಜಿನ್ನಿನದಲ್ಲ ಎಂದು ತರ್ಕ ಮಾಡಿ ಬಟ್ಟಲನ್ನು ಹಿಂದಕ್ಕೆ, ಗಾಜಿನ ಬುಡಕ್ಕೆ ಸರಿಸಿದರು. ಮಾವನವರು ಮೂಢರಾಗಿರಲಿಲ್ಲ, ಬಹಳ ತರ್ಕಬದ್ಧರಾಗಿದ್ದರು, ಅದೇ ಕಷ್ಟವಾಗಿತ್ತು.

ಆ ಬಿಸಿನೀರಿನ ಮಾತು ಬಂದದ್ದು ಒಳ್ಳೆಯದಾಯಿತು. ಕಾರು ಹೊರಡುವ ದಿನ ಕೋಳಿ ಕೂಗುವ ಮೊದಲೇ ಎದ್ದು ಬಚ್ಚಲ ಒಲೆಗೆ ಕಡಲೆಬಳ್ಳಿ ತುರುಕಿ, ಹಂಡೆ ತುಂಬಿ, ಹೊಗೆ ಕುಡಿದು ನೀರು ಕಾಯಿಸುವುದು ನನ್ನ ಪಾಲಿನ ಕೆಲಸ. ಮೊದಲ ಎರಡು ಕೊಡ ಮಾವನವರ ಸ್ನಾನಕ್ಕೆ, ಮುಂದಿನ ಎರಡು ಕೊಡ ಲಕ್ಷ್ಮಿಯ ಮೂತಿಗೆ. ಅಷ್ಟರಲ್ಲಿ ಹಂಡೆಯ ತಳ ಕಾಣುತ್ತಿತ್ತು. ಹೆಂಗಸರ ಸ್ನಾನ ತಣ್ಣೀರಿನಲ್ಲಿ. ರಾತ್ರಿ ಕಾರಿಗೆ ಎರಡು ಕಂಬಳಿ ಹೊದಿಸುತ್ತಿದ್ದರು. ನನ್ನದು ಒಂದು ಕಂಬಳಿ, ಅದೂ ಅಂಚು ಹರಿದದ್ದು. ಹೊಟ್ಟೆಕಿಚ್ಚು ಎಂದು ತಿಳಿಯಬೇಡಿ. ಒಂದು ಯಂತ್ರದ ಮೇಲೆ ಹೆಣ್ಣು ಹೊಟ್ಟೆಕಿಚ್ಚು ಪಡಬೇಕಾಗಿ ಬಂದರೆ ಆ ಹೆಣ್ಣಿಗಿಂತ ಆ ಮನೆಯ ವಿಷಯವೇ ಹೆಚ್ಚು ಹೇಳಬೇಕಾದೀತು. ಕಂಬಳಿ ತೆಗೆದು, ನೀರು ಹೊಯ್ದು, ದಸ್ತಗಿರಿ ಹಿಡಿಕೆ ಹಾಕಿ ತಿರುವುತ್ತಿದ್ದ. ಲಕ್ಷ್ಮಿ ಕೆಮ್ಮುತ್ತಿದ್ದಳು, ಸೀನುತ್ತಿದ್ದಳು, ಕೊನೆಗೆ ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿ ಗುರುಗುಟ್ಟತೊಡಗುತ್ತಿದ್ದಳು. ಬೀದಿಯ ಗಂಡಸರು ಹಲ್ಲುಜ್ಜುವ ಬೇವಿನಕಡ್ಡಿ ಕಚ್ಚಿಕೊಂಡೇ ಬಂದು ನಮ್ಮ ಜಗಲಿಯ ಮೇಲೆ ಕೂರುತ್ತಿದ್ದರು. ನಡುವೆ ಮಾವನವರು, ಮಲ್ಲುಪಂಚೆ ಉಟ್ಟು, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವವರಂತೆ ಆಗಾಗ ಕಾರಿನ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡುತ್ತ ನಿಂತಿರುತ್ತಿದ್ದರು.

ಕಾರು ಕೊಂಡದ್ದು ಎಲ್ಲಿಗಾದರೂ ಹೋಗಲೆಂದು ಎಂಬುದು ನನ್ನಂಥ ಅಲ್ಪಮತಿಗಳ ತಿಳಿವಳಿಕೆ. ಒಂದು ಚಳಿಗಾಲ ಕಳೆಯುವುದರೊಳಗೆ, ಅದನ್ನು ಕೊಂಡದ್ದು ಕಾಯಿಸಲೆಂದೇ ಎಂಬುದು ನನಗೆ ಖಚಿತವಾಯಿತು. ರತ್ನಗಿರಿಯ ನೆಂಟರ ಮನೆಯ ನಾಮಕರಣಕ್ಕೆ ಹೊರಟ ದಿನ ತುಪ್ಪ ಕರಗುವಷ್ಟರಲ್ಲಿ ಅಲ್ಲಿ ಮಗುವಿಗೆ ಹೆಸರಿಟ್ಟು, ಊಟ ಬಡಿಸಿ, ಎಲೆಯನ್ನೂ ಎತ್ತಿಯಾಗಿತ್ತು. ತಾಲೂಕು ಕಚೇರಿ ಇದ್ದದ್ದು ಕೂಗಳತೆಯಲ್ಲಿ. ಅಲ್ಲಿಗೆ ಕಾರಿನಲ್ಲೇ ಹೋಗಬೇಕೆಂದು ಕಾಯಿಸುತ್ತ ನಿಂತು, ಕೊನೆಗೆ ಗುಮಾಸ್ತೆಯನ್ನು ನಡೆಸಿ ಕಳಿಸಿ, ಅವನು ಕೆಲಸ ಮುಗಿಸಿಕೊಂಡು ಬಂದಮೇಲೆ ತುಪ್ಪ ಕರಗಿದೆಯೆಂದು ಸಂತೋಷಪಟ್ಟ ದಿನವೂ ಉಂಟು. ಆದರೆ ಯಾರೂ ನಗುತ್ತಿರಲಿಲ್ಲ. ಹೊರಟು ಹೋದ ಕಾರನ್ನು ಬೀದಿ ಒಂದು ಕ್ಷಣ ನೋಡುತ್ತದೆ. ಹೊರಡಲಿರುವ ಕಾರನ್ನು ಬೆಳಗೆಲ್ಲ ನೋಡುತ್ತದೆ. ಈ ಗುಟ್ಟು ಮಾವನವರಿಗೆ ಗೊತ್ತಿತ್ತು, ಮದರಾಸಿನಲ್ಲಿ ಕೂತಿದ್ದ ದೊರೆಗಳಿಗೂ ಗೊತ್ತಿತ್ತು. ನಮಗೆ ರಾಜ್ಯವಾಳುವ ಹದ ಇನ್ನೂ ಬಂದಿಲ್ಲ, ಬಂದ ಕೂಡಲೇ ಕೊಡುತ್ತೇವೆ ಎಂದು ಅವರೂ ನಮ್ಮ ಮೇಲೆ ಒಂದು ಬಟ್ಟಲು ಇಟ್ಟುಕೊಂಡು ಕೂತಿದ್ದ ಕಾಲ ಅದು. ನಮ್ಮ ಭಾಷೆಯಾದರೂ ಎಷ್ಟು ಪ್ರಾಮಾಣಿಕ ನೋಡಿ, ಬಿಸಿ ಮಾಡುವುದಕ್ಕೂ ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದಕ್ಕೂ ಕಾಯಿಸುವುದು ಎಂಬ ಒಂದೇ ಮಾತನ್ನು ಇಟ್ಟುಕೊಂಡಿದೆ.

ಇನ್ನೊಂದು ನಿಯಮವಿತ್ತು. ನೀರು ಕಾಯಿಸುವವಳು ನಾನಾದರೂ, ಕಾರು ಹೊರಡುವಾಗ ನಾನು ಅದರ ಎದುರಿಗೆ ಸುಳಿಯುವಂತಿರಲಿಲ್ಲ. ಗಂಡ ಸತ್ತವಳು ಎದುರಾದರೆ ಹೋದ ಕೆಲಸ ಕೆಡುತ್ತದೆಂದು ಲೋಕವೇ ಹೇಳುತ್ತಿತ್ತು; ಮಾವನವರು ಹೊಸದೇನನ್ನೂ ಸೇರಿಸಿರಲಿಲ್ಲ. ಹಾಗೇನಾದರೂ ಎದುರಾದರೆ ಹೊರಟವರು ಒಳಗೆ ಬಂದು, ಕಾಲು ತೊಳೆದು, ನೀರು ಕುಡಿದು, ಒಂದಷ್ಟು ಹೊತ್ತು ಕೂತು ಹೊಸದಾಗಿ ಹೊರಡಬೇಕು. ಆದ್ದರಿಂದ ಬಿಸಿನೀರಿನ ಕೊಡವನ್ನು ನಡುಮನೆಯ ಹೊಸ್ತಿಲ ತನಕ ತಂದಿಡುವುದು ನಾನು, ಅಲ್ಲಿಂದ ಮುಂದಕ್ಕೆ ಒಯ್ಯುವವನು ದಸ್ತಗಿರಿ. ನಾನು ಕಾಯಿಸಿದ ನೀರಿಗೆ ಅಪಶಕುನ ತಟ್ಟುತ್ತಿರಲಿಲ್ಲ, ನನ್ನ ಮುಖಕ್ಕೆ ಮಾತ್ರ ತಟ್ಟುತ್ತಿತ್ತು. ಇಂಜಿನ್ನು ಗುರುಗುಟ್ಟತೊಡಗಿದ ಕೂಡಲೇ ನಾನು ಹಿತ್ತಲಿಗೆ ಸರಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿರುತ್ತಿದ್ದೆ. ನನಗಾಗ ಹತ್ತೊಂಬತ್ತು ವರ್ಷ. ಆ ಕಲ್ಲಿನ ಮೇಲೆ ಕೂತೇ ಎಪ್ಪತ್ತಾಗುತ್ತದೆ ಎಂದು ನನಗೆ ಕಾಣಿಸುತ್ತಿತ್ತು, ಬಹಳ ಭಯವಾಗುತ್ತಿತ್ತು.

ರಾಯದುರ್ಗದಲ್ಲಿ ನಮ್ಮಪ್ಪ ಸಣ್ಣ ಶಾಲೆಯ ಮೇಷ್ಟರು. ನನ್ನನ್ನು ಎಂಟನೆಯ ತರಗತಿಯ ತನಕ ಓದಿಸಿ, ನಂತರ ಮದುವೆ ಮಾಡಿ, ಆಮೇಲೆ ಒಳಗೇ ಕೊರಗುತ್ತಿದ್ದವರು. ಅವರು ನನಗೆ ತಿಳಿಸದೆಯೇ ಮಾಸ್ತರಮ್ಮಂದಿರ ಟ್ರೈನಿಂಗಿಗೆ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದರು. ಪುಷ್ಯಮಾಸದ ಒಂದು ದಿನ ಜವಾಬು ಬಂತು. ಹೆಣ್ಣುಮಕ್ಕಳ ಶಾಲೆಗಳ ಇನ್‌ಸ್ಪೆಕ್ಟರಮ್ಮ ಹಿಂದೂಪುರದ ಬಂಗಲೆಯಲ್ಲಿ ಒಂದು ಬೆಳಗ್ಗೆ ಇರುತ್ತಾರೆ. ಹತ್ತು ಗಂಟೆಯೊಳಗೆ ಬಂದು ಕಾಣಬೇಕು. ಆಮೇಲೆ ಅವರು ರೈಲಿಗೆ ಹೊರಡುತ್ತಾರೆ. ಮನೆಯ ಹಿರಿಯರ ಒಪ್ಪಿಗೆಯ ಕಾಗದ ಬೇಕು. ಇಷ್ಟೇ ಇದ್ದದ್ದು. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಗೆರೆಯಲ್ಲಿ ಅದು ಹರಿಯತೊಡಗಿತು. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತೊಗರಿಬೇಳೆಯ ಗಡಿಗೆಯಲ್ಲಿ ಮುಚ್ಚಿಟ್ಟರು. ಅವರು ಬಹಳ ಮಾತಿನವರಲ್ಲ. ಮಾವನವರು ಅವರನ್ನು ‘ಇವಳೇ’ ಎಂದು ಕರೆಯುತ್ತಿದ್ದರು, ಉಳಿದವರೆಲ್ಲ ‘ಅಮ್ಮ’ ಎನ್ನುತ್ತಿದ್ದರು. ಓದು ಬಾರದ ಆಕೆ ಆ ಕಾಗದವನ್ನು ದಿನಕ್ಕೊಮ್ಮೆ ಬೇಳೆ ತೆಗೆಯುವ ನೆಪದಲ್ಲಿ ಇದೆಯೋ ಇಲ್ಲವೋ ಎಂದು ನೋಡಿಬರುತ್ತಿದ್ದುದನ್ನು ನಾನು ಕಂಡಿದ್ದೇನೆ.

ಮಾವನವರು ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಒಳ್ಳೆಯದಿತ್ತು, ಅತ್ತು ಕರೆದು, ಉಪವಾಸ ಬಿದ್ದು, ಅಪ್ಪನನ್ನು ಕರೆಸಿ ಜಗಳವಾಡಬಹುದಿತ್ತು. ಅವರು ಬಹಳ ಪ್ರೀತಿಯಿಂದ ಒಪ್ಪಿಕೊಂಡರು. ಆದರೆ ನಮ್ಮ ಮನೆಯ ಸೊಸೆ ಕಂಡಕಂಡವರ ಜೊತೆ ಬಸ್ಸಿನಲ್ಲಿ ಹೋಗುವುದುಂಟೇ, ಕಾರು ಇರುವುದು ಯಾತಕ್ಕೆ, ನಾನೇ ಕರೆದುಕೊಂಡು ಹೋಗಿ ಒಪ್ಪಿಗೆಯ ಸಹಿ ಹಾಕಿ ಬರುತ್ತೇನೆ ಎಂದರು. ಜಗಲಿಯವರೆಲ್ಲ ಅವರ ದೊಡ್ಡ ಮನಸ್ಸನ್ನು ಕೊಂಡಾಡಿದರು. ಏರ್ಪಾಡು ಹೀಗಾಯಿತು: ಕಾರು ಮುಂಬಾಗಿಲಿನಿಂದ ಶುಭವಾಗಿ ಹೊರಟು, ಬೀದಿ ಸುತ್ತಿಕೊಂಡು ಹಿತ್ತಲ ಓಣಿಗೆ ಬರುವುದು, ಅಲ್ಲಿ ನಾನು ಹಿಂದಿನ ಸೀಟಿಗೆ ಹತ್ತುವುದು. ಹಿಂದಿನಿಂದ ಹತ್ತಿದರೆ ಅಪಶಕುನವಿಲ್ಲ ಎಂದು ಪುರೋಹಿತರು ಶಾಸ್ತ್ರ ನೋಡಿ ಹೇಳಿದ್ದರು. ಹಿಂದೂಪುರದ ಬಸ್ಸು ಹೊರಡುತ್ತಿದ್ದುದು ಏಳು ಗಂಟೆಗೆ. ಅದಕ್ಕಿಂತ ಮೊದಲೇ ನಾವು ಹೊರಟುಬಿಡುತ್ತೇವೆ ಎಂದು ಮಾವನವರು ಎರಡು ಸಲ ಹೇಳಿದರು.

ಆ ಬೆಳಗ್ಗೆ ನಾನು ಹಂಡೆಗೆ ಎಂದಿಗಿಂತ ಹೆಚ್ಚು ಬೆಂಕಿ ಹಾಕಿದೆ. ಐದಕ್ಕೆಲ್ಲ ಇಂಜಿನ್ನು ಗುರುಗುಟ್ಟಿತು. ನಾನು ಒಗೆದ ಬಿಳಿ ಸೀರೆಯುಟ್ಟು, ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಗಂಟು ಹಿಡಿದು ಹಿತ್ತಲ ಕಲ್ಲಿನ ಮೇಲೆ ಕೂತೆ. ಮಂಜು ಎಷ್ಟು ಕವಿದಿತ್ತೆಂದರೆ ಎದುರಿನ ನುಗ್ಗೆಮರ ಕಾಣುತ್ತಿರಲಿಲ್ಲ. ಐದೂವರೆಯಾಯಿತು, ಆರಾಯಿತು. ತುಪ್ಪದ ಅಂಚು ಮಾತ್ರ ಬಿಟ್ಟಿದೆ ಎಂದು ಜಗಲಿಯಿಂದ ಒಬ್ಬರು ಕೂಗಿ ಹೇಳಿದರು. ಇನ್ನೊಬ್ಬರು, ಇಂಥ ಮಂಜಿನಲ್ಲಿ ಅವಸರ ಮಾಡಿದರೆ ಇಂಜಿನ್ನು ಸೀಳಿಹೋಗುತ್ತದೆ ಎಂದರು. ಅವರು ಜನ್ಮದಲ್ಲಿ ಎತ್ತಿನ ಗಾಡಿ ಬಿಟ್ಟು ಬೇರೇನೂ ಹತ್ತಿದವರಲ್ಲ. ದಸ್ತಗಿರಿ ಇನ್ನೊಂದು ಕೊಡ ಬಿಸಿನೀರಿಗೆಂದು ಒಳಗೆ ಬಂದ. ಆಗ ನನಗೆ ಆ ಬುದ್ಧಿ ಹೊಳೆಯಿತು. ಒಲೆಯ ದಂಡೆಯ ಮೇಲೆ ಕಾರಿನ ಬಟ್ಟಲಿನ ಜೋಡಿ ಬಟ್ಟಲೊಂದರಲ್ಲಿ ತುಪ್ಪ ಕರಗಿ ತಿಳಿಯಾಗಿ ನಿಂತಿತ್ತು. ಕಲ್ಲಿನಿಂದೆದ್ದು ಒಳಗೆ ಹೋಗಿ ಅದನ್ನು ತೆಗೆದು ಅವನ ಕೈಗಿಟ್ಟೆ. ಅವನು ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ, ಹೆಗಲ ಟವೆಲ್ಲಿನ ಕೆಳಗೆ ಮುಚ್ಚಿಕೊಂಡು ಹೋದ. ಒಲೆಯ ಮುಂದೆ ಕೂತಿದ್ದ ಅತ್ತೆ ಬೆಂಕಿಯ ಕಡೆಗೇ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಜಗಲಿಯಲ್ಲಿ ಗದ್ದಲವೆದ್ದಿತು. ತುಪ್ಪ ಕರಗಿತ್ತು. ನಾನು ಗಂಟು ಎತ್ತಿಕೊಂಡು ಓಣಿಯ ಬಾಗಿಲ ಅಗಳಿ ತೆಗೆದೇ ಬಿಟ್ಟೆ. ಅಷ್ಟರಲ್ಲಿ ಇಂಜಿನ್ನು ನಿಂತುಹೋಯಿತು. ಆ ನಿಶ್ಶಬ್ದದಲ್ಲಿ ಮಾವನವರ ಮಾತು ಹಿತ್ತಲಿನ ತನಕ ಸ್ಪಷ್ಟವಾಗಿ ಕೇಳಿಸಿತು.

‘ಇಷ್ಟ್ ಬಿರ್ರನೆ ಕರಗೈತೆ ಅಂದ್ರೆ ಇಂಜಿನ್ನು ಹದ ಮೀರೈತೆ ಕಣಪ್ಪ. ಜರ ಬಂದಂಗೆ. ತಣ್ಣಗಾಗ್ಲಿ, ಇನ್ನೊಂದ್ ಬಟ್ಲು ತುಪ್ಪ ಇಕ್ಕಿ ಮೊದ್ಲಿಂದ ಕಾಯ್ಸಾನ.’

ಜಗಲಿ ತಲೆದೂಗಿತು. ನಾನು ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಸುಳ್ಳೇಕೆ ಹೇಳಲಿ, ಗಂಡ ಸತ್ತಾಗ ಎಲ್ಲರೂ ನನ್ನನ್ನು ಅಳಿಸಿದ್ದರು, ಆ ದಿನ ಮಾತ್ರ ನಾನಾಗಿಯೇ ಅತ್ತದ್ದು. ತುಪ್ಪ ಕರಗದಿದ್ದರೆ ಇಂಜಿನ್ನು ತಣ್ಣಗಿದೆ, ಕರಗಿದರೆ ಇಂಜಿನ್ನು ಕಾದುಹೋಗಿದೆ. ಹೊರಡುವ ಮನಸ್ಸಿಲ್ಲದವನಿಗೆ ಎರಡೂ ಒಂದೇ. ಇಷ್ಟು ದಿನ ನಾನು ಅವರನ್ನು ಕಾರಿನ ವಿಷಯದಲ್ಲಿ ಪೆದ್ದರೆಂದು ತಿಳಿದು ಒಳಗೇ ನಗುತ್ತಿದ್ದೆ. ಪೆದ್ದಿ ನಾನು. ಆದರೂ ಅವರು ಬೇಕೆಂದೇ ಮೋಸ ಮಾಡಿದರೆಂದು ಇವತ್ತಿಗೂ ನಾನು ಹೇಳಲಾರೆ. ಕೈ ಎತ್ತಿದವರಲ್ಲ, ಬೈದವರಲ್ಲ. ಇಲ್ಲವೆನ್ನುವ ಧೈರ್ಯವಾಗಲಿ ಹೌದೆನ್ನುವ ಧೈರ್ಯವಾಗಲಿ ಇಲ್ಲದ ಮನುಷ್ಯನಿಗೆ ಒಂದು ಹಿತ್ತಾಳೆ ಬಟ್ಟಲು ಸಿಕ್ಕಿತ್ತು, ಅವರು ಅದನ್ನು ಮನಃಪೂರ್ವಕವಾಗಿ ನಂಬಿದ್ದರು. ಅಂಥವರನ್ನು ಎಷ್ಟು ಮನೆಗಳಲ್ಲಿ, ಎಷ್ಟು ಕಚೇರಿಗಳಲ್ಲಿ ಆಮೇಲೆ ಕಂಡಿದ್ದೇನೋ, ಲೆಕ್ಕವಿಲ್ಲ.

ಆಗ ಕೆರೆಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಹೊರಡುವ ಮೊದಲು ಪ್ರಯಾಣಿಕರನ್ನು ಕರೆಯಲು ಕಾಲು ಗಂಟೆ ಮುಂಚಿತವಾಗಿ ಒಂದು ಸಲ ಹಾಗೆ ಊದುತ್ತಿದ್ದರು. ನಾನು ಕಣ್ಣೊರೆಸಿಕೊಂಡು ಎದ್ದೆ. ಹಿತ್ತಲ ಓಣಿಯಿಂದ ಹೋದರೆ ಕುಂಬಾರರ ಕೇರಿಯನ್ನೆಲ್ಲ ಸುತ್ತಿ ಹೋಗಬೇಕು, ಬಸ್ಸು ಸಿಕ್ಕುವುದಿಲ್ಲ. ಮುಂದಿನ ಬೀದಿಯಿಂದಾದರೆ ನೆಟ್ಟಗೆ ದಾರಿ, ಆದರೆ ಮುಂದಿನ ಬಾಗಿಲಲ್ಲಿ ಕಾರಿತ್ತು. ದಸ್ತಗಿರಿ ಮತ್ತೆ ಹಿಡಿಕೆ ತಿರುವಿದ್ದ, ಇಂಜಿನ್ನು ಮತ್ತೆ ಗುರುಗುಟ್ಟುತ್ತಿತ್ತು. ನಾನು ಓಣಿಯ ಕಡೆಗೇ ಹೆಜ್ಜೆ ಹಾಕಿದೆ. ಅಭ್ಯಾಸದ ಕಾಲು, ಅದಕ್ಕೆ ಬೇರೆ ದಾರಿ ತಿಳಿಯದು. ಎರಡನೆಯ ಬಟ್ಟಲು ತುಪ್ಪವನ್ನು ಹಿಡಿದು ಜಗಲಿಗೆ ಹೊರಟಿದ್ದ ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತರು.

‘ಇತ್ಲಾಗಿಂದ ಬ್ಯಾಡ,’ ಎಂದರು. ‘ಕಾರಿನ್ ಮುಂದ್ಲಾಗೇ ಓಗು.’

ಅವರಿಗೆ ಮರೆತುಹೋಗಿದೆ ಎಂದುಕೊಂಡೆ. ‘ನಾ ಎದುರಿಗಿ ಬಂದ್ರ ಅಪಶಕುನ ಆಗ್ತೈತ್ರಿ, ಅತ್ತಿ. ಮಾವಾರು ಹೊರಡಾಕ ಬರೂದಿಲ್ಲ.’

‘ಊಂ. ಅದ್ಕೇ ಯೋಳಿದ್ದು.’

ಅಷ್ಟು ಹೇಳಿ ಅವರು ತುಪ್ಪದ ಬಟ್ಟಲನ್ನು ಹಿತ್ತಲ ಕಟ್ಟೆಯ ಮೇಲೆ ಇಟ್ಟು, ನನ್ನ ಸೀರೆಯ ಸೆರಗನ್ನು ಒಂದು ಸಲ ಸರಿಮಾಡಿದರು. ಹಣೆಯಲ್ಲಿ ಕಾಸಗಲ ಕುಂಕುಮವಿದ್ದ, ಆ ಮನೆಯ ಎಲ್ಲ ಶುಭಕ್ಕೂ ಮುಂದೆ ನಿಲ್ಲುತ್ತಿದ್ದ ಹೆಂಗಸು ಹಾಗೆ ಹೇಳಿದ್ದನ್ನು ನನ್ನ ತಲೆ ಇನ್ನೂ ಹಿಡಿದಿರಲಿಲ್ಲ. ಕಾಲು ಹಿಡಿದಿತ್ತು.

ನಡುಮನೆ ದಾಟಿ, ನಾನು ಕೊಡ ತಂದಿಡುತ್ತಿದ್ದ ಹೊಸ್ತಿಲನ್ನು ದಾಟಿ, ಜಗಲಿಯ ಮೆಟ್ಟಿಲಿಳಿದೆ. ಕಡ್ಡಿ ಕಚ್ಚಿಕೊಂಡಿದ್ದವರ ಬಾಯಿ ಹಾಗೇ ನಿಂತಿತು. ಮಾವನವರು ಕಾರಿನ ಮೇಲೆ ಅಂಗೈಯ ಹಿಂಬದಿ ಇಟ್ಟುಕೊಂಡೇ ತಿರುಗಿ ನೋಡಿದರು. ನಾನು ಅಡ್ಡದಾರಿ ಹಿಡಿಯಲಿಲ್ಲ. ಲಕ್ಷ್ಮಿಯ ಮೂತಿಯ ಎದುರಿಗೆ, ಎರಡು ದೀಪಗಳ ನಡುವೆ ಒಂದು ಕ್ಷಣ ನಿಂತೆ. ಎಷ್ಟು ದಿನ ಅದಕ್ಕೆ ನೀರು ಕಾಯಿಸಿದ್ದರೂ ಅದರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಬಿಸಿ ಗಾಳಿ ಹಿತವಾಗಿ ಮೈಗೆ ತಾಗುತ್ತಿತ್ತು.

ಮಾವನವರು ಎಲ್ಲಿಗೆ ಎಂದು ಕೇಳಿದರು. ಹಿಂದೂಪುರಕ್ಕೆ ಎಂದೆ. ಕಾರು ಬರುತ್ತದಲ್ಲ ಎಂದರು. ಅದುವರೆಗೆ ಆ ಜಗಲಿಯ ಎದುರಿಗೆ ಬಾಯಿ ಬಿಡದಿದ್ದವಳು ನಾನು. ನನ್ನೂರ ಮಾತಿನಲ್ಲೇ, ಯಾರೂ ನಗದ ಹಾಗೆ ಹೇಳಿದೆ:

‘ತುಪ್ಪ ಕರಗಿದ ಮ್ಯಾಲ ಬರ್ರಿ. ನಾ ಮುಂದ ಹೋಗಿರ್ತೀನಿ.’

ಅವರು ಒಂದು ಹೆಜ್ಜೆ ನನ್ನ ಹಿಂದೆ ಬಂದಿದ್ದರೆ ನಾನು ನಿಂತುಬಿಡುತ್ತಿದ್ದೆನೋ ಏನೋ. ಬರುವಂತಿರಲಿಲ್ಲ. ಅಪಶಕುನ ಎದುರಿಗೇ ನಡೆದುಹೋಗಿತ್ತು, ಇಡೀ ಜಗಲಿ ಅದಕ್ಕೆ ಸಾಕ್ಷಿಯಾಗಿತ್ತು. ಅವರು ಒಳಗೆ ಹೋಗಿ, ಕಾಲು ತೊಳೆದು, ನೀರು ಕುಡಿದು, ಕೂರಲೇಬೇಕಾಗಿತ್ತು. ಹಾಗೇ ಮಾಡಿದರಂತೆ. ನಿಯಮಕ್ಕೆ ತಪ್ಪುವವರಲ್ಲ.

ಬಸ್ಸು ಸಿಕ್ಕಿತು. ಅದಕ್ಕೆ ಕಂಬಳಿ ಹೊದಿಸುವವರಿರಲಿಲ್ಲ, ಬಿಸಿನೀರು ಹೊಯ್ಯುವವರಿರಲಿಲ್ಲ. ಕ್ಲೀನರು ಎರಡು ಸಲ ಹಿಡಿಕೆ ತಿರುವಿ ಬೈದ, ಅದು ಗಡಗಡ ನಡುಗುತ್ತಲೇ ಹೊರಟಿತು, ನಡುಗುತ್ತಲೇ ಊರು ದಾಟಿತು, ಎರಡು ಮೈಲಿ ಹೋಗುವಷ್ಟರಲ್ಲಿ ತಾನೇ ಬೆಚ್ಚಗಾಯಿತು. ಇಕ್ಕೆಲದಲ್ಲಿ ಕಡಲೆ ಕಿತ್ತ ಹೊಲಗಳ ಮೇಲೆ ಮಂಜು ಎದ್ದುಹೋಗುತ್ತಿತ್ತು. ಓಡುವ ಯಂತ್ರ ಓಡುತ್ತಲೇ ಬಿಸಿಯಾಗುತ್ತದೆ ಎಂಬ ಈ ಸಂಗತಿ ದಸ್ತಗಿರಿಗೆ ಮೊದಲ ದಿನವೇ ಗೊತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿ ತೆಲುಗಿನಲ್ಲಿ, ಯಾಕಮ್ಮ ಹೀಗೆ ನಡುಗುತ್ತಿದ್ದೀ, ಚಳಿಯೇ ಎಂದು ಕೇಳಿ ತನ್ನ ಕಂಬಳಿಯ ಅಂಚನ್ನು ನನ್ನ ಮೇಲೆಳೆದಳು. ನಾನು ಚಳಿಯೆಂದೇ ಹೇಳಿದೆ.

ಇನ್‌ಸ್ಪೆಕ್ಟರಮ್ಮ ಕನ್ನಡಕ ಹಾಕಿದ, ಗಂಟುಮೋರೆಯ ಹೆಂಗಸು. ಪೆಟ್ಟಿಗೆಗಳೆಲ್ಲ ಕಟ್ಟಿ ರೈಲಿಗೆ ತಯಾರಾಗಿದ್ದರು. ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಪುಟ ಓದಿಸಿದರು, ಒಂದು ಲೆಕ್ಕ ಮಾಡಿಸಿದರು, ಎರಡೂ ಭಾಷೆ ಬಲ್ಲವರು ಈ ಜಿಲ್ಲೆಗೆ ಬೇಕೇ ಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಒಪ್ಪಿಗೆಯ ಕಾಗದ ತೆಗೆದು, ಹಿರಿಯರು ಎಲ್ಲಿ ಎಂದರು. ಬಂದಿಲ್ಲ ಎಂದೆ. ಹಾಗಾದರೆ ಯಾರ ಒಪ್ಪಿಗೆಯಿಂದ ಬಂದೆ ಎಂದರು. ಅತ್ತೆಯವರ ಒಪ್ಪಿಗೆಯಿಂದ ಎಂದೆ. ಅವರು ಕಾಗದವನ್ನು ಮೇಲಿಂದ ಕೆಳಗೆ ಓದಿ, ಹಿರಿಯರು ಎಂದಿದೆ, ಗಂಡಸರು ಎಂದು ಎಲ್ಲೂ ಇಲ್ಲ, ಹೆಸರು ಹೇಳು ಎಂದು ಪೆನ್ನು ತೆಗೆದರು. ಅತ್ತೆಯ ಹೆಸರನ್ನು ಸೊಸೆ ಎತ್ತುವಂತಿಲ್ಲ. ಆ ಮನೆಯಲ್ಲಿದ್ದ ನಾಲ್ಕು ವರ್ಷಗಳಲ್ಲಿ ಬೇರೆ ಯಾರ ಬಾಯಿಂದಲೂ ನಾನು ಅದನ್ನು ಕೇಳಿರಲಿಲ್ಲ. ಮದುವೆಯ ಲಗ್ನಪತ್ರಿಕೆಯಲ್ಲಿ ಒಂದೇ ಸಲ ಓದಿದ್ದೆ. ಓಬಳಮ್ಮ ಎಂದೆ. ಅವರು ಬರೆದುಕೊಂಡು, ಎಂಟು ದಿನದೊಳಗೆ ಇಲ್ಲಿ ಹೆಬ್ಬೆಟ್ಟು ಒತ್ತಿಸಿ ಟಪಾಲಿಗೆ ಹಾಕು ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಡಕಶಿರಕ್ಕೆ ವಾಪಸಾದೆ. ಮಾವನವರು ಜಗಲಿಯ ಮೇಲಿದ್ದರು. ನನ್ನ ಕಡೆ ನೋಡದೆ, ಪಕ್ಕದವರಿಗೆ, ಇಂಜಿನ್ನು ತಯಾರಾಗಿಯೇ ಇತ್ತು, ಶಕುನ ಸರಿಯಾಗಲಿಲ್ಲ ಎಂದು ಹೇಳುತ್ತಿದ್ದರು. ಆ ಮಾತನ್ನು ಅವರು ಸಾಯುವ ತನಕ ಹೇಳಿದರು. ನಾನು ಒಳಗೆ ಹೋದೆ. ಅತ್ತೆ ಒಲೆಯ ಮುಂದೆ ರಾಗಿಮುದ್ದೆ ಕಟ್ಟುತ್ತಿದ್ದರು. ಬೆಳಗಿನಿಂದ ಮಾವನವರು ಅವರನ್ನು ‘ಇವಳೇ’ ಎಂದು ಒಂದು ಸಲವೂ ಕರೆದಿರಲಿಲ್ಲವಂತೆ. ಕಿವಿಗೆ ಸುಖವಾಗಿತ್ತು ಎಂದರು. ನಾನು ಕಾಗದವನ್ನು ಬಿಚ್ಚಿ ಹಿಡಿದು ವಿಷಯ ಹೇಳಿದೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಹೆಬ್ಬೆರಳನ್ನು ಬಾಣಲೆಯ ಬೆನ್ನಿನ ಮಸಿಗೆ ಉಜ್ಜಿದರು. ಎಲ್ಲಿ ಎಂದು ಕೇಳಿ, ನಾನು ತೋರಿಸಿದ ಜಾಗದಲ್ಲಿ ಉಸಿರು ಬಿಗಿಹಿಡಿದು ಒತ್ತಿದರು. ಆಮೇಲೆ ಆ ಗುರುತಿನ ಮೇಲಿದ್ದ ಬರಹವನ್ನು ದೀಪಕ್ಕೆ ಹಿಡಿದು ನೋಡಿ, ಇದೇನು ಬರೆದಿದೆ ಎಂದರು.

ಸೊಸೆ ಎತ್ತಬಾರದ ಹೆಸರೆಂದು ನಾನು ತಡೆದೆ. ಅವರು ಕಾದರು. ನಾನು ಓದಿದೆ.

ಅವರು ತಲೆ ಎತ್ತಲಿಲ್ಲ. ‘ಇನ್ನೊಂದ್ ಸಲ ಓದು,’ ಎಂದರು.